ಸೋಮವಾರ ರಜೆ

ಸೋಮವಾರ ಮಕ್ಕಳ ಮ್ಯೂಸಿಯಂಗೆ ರಜೆ.
ನನಗಲ್ಲ.
ವಾರವೆಲ್ಲ ಅವರು ಬಿಚ್ಚಿದ್ದನ್ನು
ಇವತ್ತು ನಾನು ಕೂಡಿಸಬೇಕು.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ
ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದವನು.
ಅಲ್ಲಿ ಗೋಡೆ ಗೋಡೆಗೂ ಕೆಂಪಕ್ಷರ: ಮುಟ್ಟಬೇಡಿ.
ಬೆಲ್ಟಿಗೆ ಬೆರಳು ಕೊಟ್ಟವರ ಹೆಸರು
ಇನ್ನೂ ನನಗೆ ಬಾಯಿಪಾಠ.
ಇಲ್ಲಿ ಹಳದಿ ಬಣ್ಣದಲ್ಲಿ,
ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಿದ್ದಾರೆ: ಮುಟ್ಟಿ.
ಸೇರಿದ ಮೊದಲ ತಿಂಗಳು
ಆ ಬೋರ್ಡು ಕಂಡಾಗೆಲ್ಲ ಮೈ ಜುಂ ಅನ್ನುತ್ತಿತ್ತು,
ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

ರಾಟೆ ಕುರ್ಚಿಯ ಹಗ್ಗ ಸವೆದಿದೆ.
ತನ್ನನ್ನು ತಾನೇ ಎತ್ತಿಕೊಳ್ಳುವ ಆಸೆ
ಎಷ್ಟು ಕೇಜಿ ತೂಗುತ್ತದೆ
ಅಂತ ಈ ಹಗ್ಗವನ್ನೇ ಕೇಳಬೇಕು.

ಪಿಸುಮಾತಿನ ಬೋಗುಣಿಗೆ ಯಾರೋ
ಖಾರ ಮಂಡಕ್ಕಿ ತಿಂದ ಕೈ ಒರೆಸಿದ್ದಾರೆ,
ಎಣ್ಣೆ, ಅರಿಶಿಣ, ಐದು ಬೆರಳು.
ನಲವತ್ತಡಿ ಆಚೆ ಅದರ ಜೋಡಿ ಬೋಗುಣಿ.
ಶನಿವಾರ ಅದಕ್ಕೆ ಬಾಯಿಟ್ಟು ಒಬ್ಬ ಹುಡುಗ
"ಸಾರಿ ಕಣೋ" ಅಂದ, ಮೂರು ಸಲ.
ಈಚೆ ಕಿವಿ ಕೊಟ್ಟಿದ್ದವನು ನಾನು, ನಟ್ಟು ಬಿಗಿಯುತ್ತ.
ಯಾರಿಗೆ ಹೇಳಿದನೋ.
"ಆತು ಬಿಡೋ" ಅಂದೆ.

ಅಯಸ್ಕಾಂತದ ಮೇಜಿನಲ್ಲಿ ಈ ವಾರ ಎರಡು ಕಡಿಮೆ.
ಪುಸ್ತಕದಲ್ಲಿ ಬರೆಯುತ್ತೇನೆ: ಸವೆತ.

ನೆರಳು ಹಿಡಿಯುವ ಗೋಡೆಗೆ ಏನೂ ಆಗಿಲ್ಲ.
ಅದರ ಮುಂದೆ ಮಾತ್ರ ಅವರು ಅಲ್ಲಾಡದೆ ನಿಲ್ಲುತ್ತಾರೆ.

ಇನ್ನುಳಿದದ್ದು ಆಟದ ಭಟ್ಟಿ.
ಪ್ಲಾಸ್ಟಿಕ್ ಒಲೆ, ಒಳಗೊಂದು ಕೆಂಪು ಬಲ್ಬು,
ಬಾಣಲೆ ತುಂಬ ಥರ್ಮೋಕೋಲ್ ಮಂಡಕ್ಕಿ.
ಊರಿಗೆ ಹೆಸರು ತಂದದ್ದು ಅಂತ ಮಾಡಿಸಿದ್ದು,
ಮಾಡಿದವರು ಮಾತ್ರ ಬೇರೆ ಊರಿನವರು.

ಹೋದ ಗುರುವಾರ ಉರ್ದು ಶಾಲೆಯ ಮಕ್ಕಳು ಬಂದಿದ್ದರು.
ನಾಕನೇ ಕ್ಲಾಸಿನ ಖುತೇಜಾ, ಭಟ್ಟಿ ಏರಿಯಾದ ಹುಡುಗಿ,
ಬಾಣಲೆಯೊಳಗೆ ಇಣುಕಿ ನನ್ನ ಕಡೆ ತಿರುಗಿದಳು.
"ತಾತಾ, ಉಸುಕೆಲ್ಲೈತಿ?
ಉಸುಕು ಕಾಯದೆ ಅಕ್ಕಿ ಹೆಂಗ ಅರಳತೈತಿ?"
ನಾನು ಏನು ಹೇಳಲಿ. ಸ್ಪ್ಯಾನರ್ ಒರೆಸಿಕೊಂಡೆ.

ಅವಳೇ ತೋಳು ಮಡಚಿದಳು.
ಹೊಟ್ಟು ಎಲ್ಲಿಂದ ಸುರಿಯಬೇಕು,
ಜರಡಿ ಯಾವ ಕೈಗೆ, ಉಪ್ಪುನೀರು ಯಾವಾಗ,
ಹೊಗೆ ತಿರುಗಿದರೆ ಮುಖ ಎತ್ತ.
ಟೀಚರು ಫೋನು ಕೆಳಗಿಟ್ಟರು.
ಹದಿನೇಳು ಮಕ್ಕಳು ಸಾಲು ನಿಂತವು.
"ದೂರ ಸರೀರಿ, ಬಿಸಿ ಐತಿ!" ಅಂದಳು.
ಸರಿದವು, ಎಲ್ಲವೂ.
ನಾನೂ ಒಂದು ಹೆಜ್ಜೆ ಹಿಂದೆ ಸರಿದೆ.

ಊಟದ ಗಂಟೆಗೆ ಮಕ್ಕಳೆಲ್ಲ ಓಡಿದ ಮೇಲೆ
ಅವಳೊಬ್ಬಳು ಉಳಿದಳು.
ಮೊಣಕೈ ಕೆಳಗೆ ಎರಡು ಹಳೆಯ ಸುಟ್ಟ ಚುಕ್ಕೆ.
ಆಚೀಚೆ ನೋಡಿ
ಒಲೆಯ ಮೇಲೆ ಅಂಗೈ ಇಟ್ಟಳು,
ಮೊದಲು ಬೆರಳ ತುದಿ, ಆಮೇಲೆ ಪೂರ್ತಿ,
ಇಟ್ಟು ಹಾಗೇ ನಿಂತಳು.
"ತಣ್ಣಗೈತಿ" ಅಂದಳು,
ಯಾರಿಗೂ ಅಲ್ಲ.

ಉಸುಕು ಕೇಳಿದರೆ ಆಫೀಸಿನವರು ಬೇಡವೆಂದರು,
ಕಣ್ಣಿಗೆ ಬೀಳುತ್ತದಂತೆ.
ಇವತ್ತು ಮನೆಯಿಂದ ಒಂದೂವರೆ ಸೇರು ಸಾಸಿವೆ ತಂದೆ,
ಹೆಂಡತಿ ಇನ್ನೂ ಬೈಯುತ್ತಿರಬಹುದು.
ಬಾಣಲೆಗೆ ಸುರಿದರೆ ಸರಸರ ಅಂದಿತು,
ಹೆಚ್ಚುಕಮ್ಮಿ ಅದೇ ಸದ್ದು.
ತಪ್ಪಿದ್ದರೆ ಖುತೇಜಾ ಹೇಳುತ್ತಾಳೆ.

ಹೊಸ ಹಗ್ಗ ಹಾಕಿ
ರಾಟೆ ಕುರ್ಚಿಗೆ ಟೆಸ್ಟು ಬೇಕಲ್ಲ, ಕೂತೆ.
ಎಳೆದೆ.
ಐವತ್ತೊಂಬತ್ತು ವರ್ಷದ ಮಂಡಿ ಮೊದಲು,
ಆಮೇಲೆ ಚಪ್ಪಲಿ,
ನೆಲ ಬಿಟ್ಟವು.
ಕಿಟಕಿಯಲ್ಲಿ ನೀರಿನ ಟ್ಯಾಂಕಿನ ತಲೆ,
ಅದರ ಮೇಲೊಂದು ಕಾಗೆ,
ಎರಡೂ ನನ್ನ ಸಮಕ್ಕೆ ಬಂದವು.

ಬಾಗಿಲಲ್ಲಿ ವಾಚ್‌ಮನ್ ಬಸಣ್ಣ ಲೋಟ ಹಿಡಿದು ನಿಂತಿದ್ದಾನೆ.
"ಇಳೀರಿ ಮಾರಾಯ್ರೆ, ಚಾ ಆರತೈತಿ."
ತಡಿಯೋ.
ಇನ್ನೊಂದು ಮೊಳ ಹಗ್ಗ ಐತಿ.